ತೊಂದರೆ ಇರುವ ಹಳೇ ಕಾರು: ತಗೊಳ್ಳಬಹುದಾ, ಬಿಡಬೇಕಾ?

ತುಮಕೂರಿನ ಬಟವಾಡಿ ಕಡೆ ನಮ್ಮದೊಂದು ಕಾರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ನಮ್ಮ ಯಜಮಾನರು ಹೊರಗಿನ ಓಡಾಟ ನೋಡಿಕೊಳ್ಳುತ್ತಾರೆ, ಕೌಂಟರಿನಲ್ಲಿ ನಾನಿರುತ್ತೇನೆ. ಹಳೇ ಕಾರು ತಗೊಂಡವರು ಒಂದೆರಡು ತಿಂಗಳಲ್ಲೇ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ ಹಿಡಿದು ಬರುತ್ತಾರೆ. ಕ್ಲಚ್ ಸೆಟ್, ಲೋವರ್ ಆರ್ಮ್, ವಾಟರ್ ಪಂಪ್, ಎಂಜಿನ್ ಮೌಂಟಿಂಗ್. ಬಿಲ್ ಹೇಳಿದ ಕೂಡಲೇ ಮುಖ ಸಪ್ಪಗಾಗುತ್ತದೆ. 'ಗಾಡಿ ತಗೊಂಡಿದ್ದೇ ಸಾಲ ಮಾಡಿ ಅಕ್ಕ' ಅಂತಾರೆ. ಅದೇ ಚೀಟಿಯನ್ನು ಗಾಡಿ ತಗೊಳ್ಳುವ ಮುಂಚೆ ಬರೆಸಿದ್ದರೆ ಎಷ್ಟೋ ದುಡ್ಡು ಉಳೀತಿತ್ತು ಅಂತ ಪ್ರತಿ ಸಲ ನನಗೆ ಸಂಕಟವಾಗುತ್ತದೆ. ಆ ಚೀಟಿ ಮೊದಲೇ ಹೇಗೆ ಬರೆಯುವುದು ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಹಳೇ ಗಾಡಿ ತಗೋಬೇಡಿ ಅಂತ ನಾನು ಹೇಳುವುದಿಲ್ಲ. ಕೊಬ್ಬರಿ ಮಾರಿದ ದುಡ್ಡಲ್ಲೋ, ಚೀಟಿ ಎತ್ತಿದ ದುಡ್ಡಲ್ಲೋ ತಗೊಂಡ ಸೆಕೆಂಡ್ಸ್ ಗಾಡಿಯೇ ನಮ್ಮ ಕಡೆ ಎಷ್ಟೋ ಮನೆಗೆ ಮೊದಲ ಕಾರು. ಹತ್ತು ಹನ್ನೆರಡು ವರ್ಷ ಓಡಿದ ಗಾಡಿಗೆ ಏನಾದರೂ ಒಂದು ಇದ್ದೇ ಇರುತ್ತದೆ. 'ಏನೂ ಕೆಲ್ಸ ಇಲ್ಲ, ಪೆಟ್ರೋಲ್ ಹಾಕ್ಕೊಂಡು ಓಡ್ಸೋದೆ' ಅನ್ನುವವರಿಗಿಂತ, 'ಕ್ಲಚ್ ಹೋಗೈತೆ, ಎಸಿ ಬರಲ್ಲ' ಅಂತ ಬಾಯಿಬಿಟ್ಟು ಹೇಳುವವರ ಗಾಡಿಯೇ ನನಗೆ ಇಷ್ಟ. ಗೊತ್ತಿರುವ ತೊಂದರೆಗೆ ಬೆಲೆ ಕಟ್ಟಬಹುದು. ದುಡ್ಡು ಹಾಕಿದರೆ ಸರಿ ಹೋಗುವ ತೊಂದರೆ ಯಾವುದು, ಎಷ್ಟು ಹಾಕಿದರೂ ಸರಿ ಹೋಗದ್ದು ಯಾವುದು, ಇದನ್ನು ಬೇರೆ ಬೇರೆ ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಮೊದಲು ಪೇಪರ್

ಗಾಡಿ ನೋಡೋಕೆ ಹೋಗುವ ಮುಂಚೆ ನಂಬರ್ ಇಸ್ಕೊಳ್ಳಿ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ರಿಜಿಸ್ಟ್ರೇಷನ್ ಆದ ದಿನ, ಆರ್‌ಸಿ ಎಲ್ಲಿಯವರೆಗೆ ಇದೆ, ಇನ್ಶೂರೆನ್ಸ್ ಇದೆಯಾ, ಹೊಗೆ ಸರ್ಟಿಫಿಕೇಟ್ ಇದೆಯಾ, ಇಷ್ಟೂ ಮನೆಯಲ್ಲೇ ಕೂತು ನೋಡಬಹುದು. ಚಲನ್ ಬಾಕಿಯನ್ನೂ ನೋಡಿ. ನಮ್ಮ ಕೆಎ 06 ಗಾಡಿಗಳು ವಾರಕ್ಕೊಂದು ಸಲ ಬೆಂಗಳೂರಿಗೆ ಹೋಗಿ ಬರುತ್ತವೆ. ಅಲ್ಲಿನ ಕ್ಯಾಮೆರಾ ಹಾಕಿದ ದಂಡ ಎಷ್ಟೋ ಓನರ್‌ಗಳಿಗೇ ಗೊತ್ತಿರುವುದಿಲ್ಲ.

ಸ್ವಂತ ಬಳಕೆಯ ಕಾರಿಗೆ ಆರ್‌ಸಿ ಇರುವುದು 15 ವರ್ಷಕ್ಕೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. ನಮ್ಮ ಕಡೆ ಇದನ್ನೇ ಎಫ್‌ಸಿ ಮಾಡಿಸೋದು ಅಂತಾರೆ. ಮೊದಲು 600 ರೂಪಾಯಿ ಇದ್ದ ಇದರ ಫೀಸು 2022ರ ಏಪ್ರಿಲ್‌ನಿಂದ 5,000 ಆಯಿತು. ಹಸಿರು ತೆರಿಗೆ ಬೇರೆ. ಗಾಡಿ ತೋರಿಸುವ ಮುಂಚೆ ಲೈಟು, ಬ್ರೇಕು, ಟೈರು, ಪೇಂಟು ಸರಿ ಮಾಡಿಸುವ ಖರ್ಚು ಇನ್ನೂ ಬೇರೆ. ಹಾಗಾಗಿ 14 ವರ್ಷದ ಗಾಡಿಯನ್ನು 'ಕಮ್ಮಿಗೆ ಕೊಡ್ತೀನಿ' ಅಂತ ಯಾರಾದರೂ ಅಂದರೆ, ಆ ಖರ್ಚು ನಿಮ್ಮ ತಲೆಗೆ ಬರುತ್ತದೆ ಅಂತ ಮೊದಲೇ ಲೆಕ್ಕಕ್ಕೆ ಹಾಕಿ. 2019ರ ಏಪ್ರಿಲ್‌ಗಿಂತ ಮುಂಚಿನ ಗಾಡಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ಅಂತಲೂ ನೋಡಿ.

ಪೇಪರಿನಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಒಂದು, ಸಾಲ. ಆರ್‌ಸಿಯಲ್ಲಿ ಬ್ಯಾಂಕಿನ ಇಲ್ಲವೇ ಫೈನಾನ್ಸಿನ ಹೆಸರಿದ್ದರೆ, 'ಸಾಲ ಎಲ್ಲ ತೀರಿಸಿದೀವಿ' ಅನ್ನುವ ಮಾತು ಸಾಲದು. ಸಾಲ ಬಾಕಿ ಇಲ್ಲ ಅನ್ನುವ ಅವರ ಎನ್‌ಒಸಿ ಮತ್ತು ಆರ್‌ಸಿಯಿಂದ ಅವರ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬರಬೇಕು. ಹೀಗೆ ಹೆಸರು ತೆಗೆಸುವುದಕ್ಕೆ ಎಚ್‌ಪಿ ಕ್ಯಾನ್ಸಲ್ ಅಂತಾರೆ, ಅದನ್ನು ಮಾಡಿಸುವುದು ಮಾರುವವರ ಕೆಲಸ. ಅದು ಆದ ಮೇಲೆ ಪೂರ್ತಿ ದುಡ್ಡು ಕೊಡಿ. ಎರಡು, ಓನರ್ ತೀರಿಹೋಗಿರುವ ಗಾಡಿ. ಮಗ ಒಳ್ಳೆಯವನೇ ಇರಬಹುದು, ಆದರೆ ಗಾಡಿ ಇನ್ನೂ ಅಪ್ಪನ ಹೆಸರಲ್ಲಿದ್ದರೆ ಮೊದಲು ಫಾರ್ಮ್ 31 ಹಾಕಿ ವಾರಸುದಾರರ ಹೆಸರಿಗೆ ಆಗಬೇಕು. ಅಣ್ಣ ತಮ್ಮಂದಿರ ಭಾಗದ ಜಗಳ ಇರುವ ಮನೆಯಾದರೆ ಆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಡಿಎಲ್ ನಂಬರಿನ ಡೀಸೆಲ್ ಗಾಡಿಗಳನ್ನು ಇಲ್ಲಿಗೆ ತಂದು ಮಾರುತ್ತಾರೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದಿದ್ದರಿಂದ ಅಲ್ಲಿ ಬೆಲೆ ಬಿದ್ದಿತ್ತು. ಇಲ್ಲಿಗೆ ತಂದ ಮೇಲೆ ಅಲ್ಲಿನ ಆರ್‌ಟಿಒದ ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸು, ಹೊಸ ನಂಬರು ಎಲ್ಲ ಸೇರಿದರೆ ಉಳಿತಾಯ ಅನ್ನುವುದು ಕರಗಿಹೋಗುತ್ತದೆ. ಮೊದಲ ಸಲ ಕಾರು ತಗೊಳ್ಳುವವರಿಗೆ ಅದು ಬೇಡ.

ಯಾವ ಗಾಡಿಯ ಪಾರ್ಟ್ಸ್ ಸಿಗುತ್ತೆ?

ಇದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಇದನ್ನೇ ಮೊದಲು ಕೇಳಬೇಕು.

ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಸ್ಯಾಂಟ್ರೊ, ಐ10. ಇವಕ್ಕೆ ಪಾರ್ಟ್ಸ್ ನಮ್ಮ ಅಂಗಡಿಯಲ್ಲಿ ಮಾತ್ರ ಅಲ್ಲ, ಗುಬ್ಬಿಯಲ್ಲೂ ಸಿರಾದಲ್ಲೂ ಸಿಗುತ್ತವೆ. ಒರಿಜಿನಲ್ ಬೇಕಾದರೆ ಒರಿಜಿನಲ್, ಬೇರೆ ಕಂಪನಿಯದ್ದು ಬೇಕಾದರೆ ಅದು. ಯಾವ ಹಳ್ಳಿಯ ಮೆಕ್ಯಾನಿಕ್ ಆದರೂ ಬಿಚ್ಚಿ ಕಟ್ಟುತ್ತಾನೆ. ಇನ್ನೊಂದು ಕಡೆ, ಜನರಲ್ ಮೋಟಾರ್ಸ್ 2017ರಲ್ಲಿ ಇಲ್ಲಿ ಷೆವ್ರೊಲೆ ಮಾರುವುದನ್ನು ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿಯ ಜನಕ್ಕೆ ಕಾರು ಮಾಡುವುದನ್ನು ನಿಲ್ಲಿಸಿತು. ಅವುಗಳ ಹಳೇ ಗಾಡಿ ನೋಡಲು ಗಟ್ಟಿಮುಟ್ಟಾಗಿರುತ್ತದೆ, ಬೆಲೆಯೂ ಕಮ್ಮಿ. ಬ್ರೇಕ್ ಪ್ಯಾಡು, ಫಿಲ್ಟರು ತೊಂದರೆಯಿಲ್ಲದೆ ಸಿಗುತ್ತವೆ. ಹೆಡ್‌ಲೈಟು, ಸ್ಟೀರಿಂಗ್ ರ್ಯಾಕು, ಡೋರ್ ಒಳಗಿನ ಪಾರ್ಟ್ಸು ಬೇಕಾದಾಗ ನಾವು ಬೆಂಗಳೂರಿನ ಜೆಸಿ ರಸ್ತೆಗೆ ಫೋನ್ ಮಾಡಿ ವಿಚಾರಿಸುತ್ತೇವೆ. ಅಲ್ಲೂ ಇಲ್ಲ ಅಂದರೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು. ಅಷ್ಟು ದಿನ ಗಾಡಿ ಗ್ಯಾರೇಜಿನಲ್ಲೇ ನಿಂತಿರುತ್ತದೆ.

ಹಾಗಾಗಿ ಗಾಡಿ ಇಷ್ಟವಾದರೆ ಹತ್ತಿರದ ಒಂದು ಪಾರ್ಟ್ಸ್ ಅಂಗಡಿಗೆ ಹೋಗಿ ಮೂರು ವಸ್ತುವಿನ ಬೆಲೆ ಕೇಳಿ: ಹೆಡ್‌ಲೈಟ್, ಕ್ಲಚ್ ಸೆಟ್, ರೇಡಿಯೇಟರ್. ಮೂರಕ್ಕೂ ತಕ್ಷಣ ಬೆಲೆ ಹೇಳಿದರೆ ಆ ಗಾಡಿ ನಮ್ಮ ಊರಿಗೆ ಸರಿ. 'ಆರ್ಡರ್ ಹಾಕಬೇಕು, ವಿಚಾರಿಸಿ ಹೇಳ್ತೀನಿ' ಅಂದರೆ ಇನ್ನೊಂದು ಸಲ ಯೋಚಿಸಿ. ಕೇಳೋಕೆ ಸಂಕೋಚ ಬೇಡ. ನಾವು ದಿನಾ ಹೇಳುವ ಬೆಲೆಯೇ ಅದು.

ಹಳೇ ಡೀಸೆಲ್ ಬಗ್ಗೆ ಒಂದು ಮಾತು. ಇಂಜೆಕ್ಟರು, ಹೈ ಪ್ರೆಶರ್ ಪಂಪು, ಟರ್ಬೊ, ಈ ಮೂರರಲ್ಲಿ ಒಂದು ಕೈಕೊಟ್ಟರೂ ಪೆಟ್ರೋಲ್ ಗಾಡಿಯ ನಾಲ್ಕೈದು ರಿಪೇರಿಯ ದುಡ್ಡು ಹೋಗುತ್ತದೆ. ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸುವವರಿಗೆ ಡೀಸೆಲ್ ಬೇಡವೇ ಬೇಡ.

ಗಾಡಿ ಮುಂದೆ ನಿಂತಾಗ

ನನ್ನ ಅಕ್ಕನ ಮಗಳು ಕೊರಟಗೆರೆ ಆಚೆಯ ಶಾಲೆಯಲ್ಲಿ ಟೀಚರ್. ಮನೆ ತುಮಕೂರಲ್ಲಿ. ಬಸ್ಸಿನ ಟೈಮು ಹೊಂದದೆ ಅವಳು 2011ರ ವ್ಯಾಗನ್ ಆರ್ ಒಂದನ್ನು ನೋಡಿದ್ದಳು. 1,55,000 ಹೇಳಿದ್ದರು. 'ಚಿಕ್ಕಮ್ಮ, ಒಂದ್ಸಲ ಬಂದು ನೋಡ್ತೀರಾ' ಅಂದಳು. ನಮ್ಮ ಅಂಗಡಿಗೆ ಬರುವ ಮೆಕ್ಯಾನಿಕ್ ಒಬ್ಬರನ್ನೂ ಕರೆದುಕೊಂಡು ಹೋದೆವು. ಅಲ್ಲಿ ಏನೇನು ನೋಡಿದೆವೋ ಅದನ್ನೇ ಹೇಳುತ್ತೇನೆ. ನೀವೂ ಹಾಗೇ ನೋಡಿ.

ಹಿಂದಿನ ದಿನವೇ ಫೋನ್ ಮಾಡಿ, 'ನಾವು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ' ಅಂತ ಹೇಳಿದ್ದೆವು. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಬೇಕು. ತಣ್ಣಗಿರಬೇಕು. ಬಿಸಿ ಎಂಜಿನ್ ಎಷ್ಟೋ ಕಾಯಿಲೆ ಮುಚ್ಚಿಡುತ್ತದೆ. ಬಿಸಿ ಇದ್ದರೆ ಬೈಯೋದು ಬೇಡ, ಸುಮ್ನೆ ಇನ್ನೊಂದು ದಿನ ಬೆಳಗ್ಗೆ ಬರುತ್ತೇವೆ ಅನ್ನಿ.

ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ಬಿಚ್ಚಿ. ಬಿಸಿ ಇರುವಾಗ ಯಾವ ಕಾರಣಕ್ಕೂ ಬಿಚ್ಚಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಒಳಗೆ ಹಸಿರೋ, ಕೆಂಪೋ, ನೀಲಿಯೋ ಕೂಲಂಟ್ ಬಣ್ಣ ಕಾಣಬೇಕು. ನಮ್ಮ ಕಡೆ ಗಾಡಿಗಳಲ್ಲಿ ಜಾಸ್ತಿ ಕಾಣುವುದು ತುಕ್ಕು ಬಣ್ಣದ ನೀರು. ತುಮಕೂರು, ಮಧುಗಿರಿ, ಪಾವಗಡ ಕಡೆಯ ಬೋರ್ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ಕಾಯಿಲ್ ನೋಡಿದವರಿಗೆಲ್ಲ ಗೊತ್ತು. ಅದೇ ನೀರನ್ನು ರೇಡಿಯೇಟರಿಗೆ ಸುರಿದಿರುತ್ತಾರೆ. ಮುಚ್ಚಳದ ಒಳಗೆ ಬೆರಳಾಡಿಸಿ. ಬಿಳಿ ಪೊರೆ, ಮರಳಿನಂಥ ಪುಡಿ ಕೈಗೆ ಹತ್ತಿದರೆ ಒಳಗಿನ ಸಣ್ಣ ನಳಿಗೆಗಳಲ್ಲೂ ಅದೇ ಕಟ್ಟಿಕೊಂಡಿದೆ ಅಂತ ತಿಳಿಯಿರಿ. ಅಂಥ ಗಾಡಿ ಊರೊಳಗೆ ಚೆನ್ನಾಗಿ ಓಡುತ್ತದೆ, ಬೇಸಿಗೆಯಲ್ಲಿ ಬೆಂಗಳೂರು ರಸ್ತೆಯಲ್ಲಿ ಕುದಿಯುತ್ತದೆ. ಇನ್ನು ಕೆಲವರು ಗಾಡಿ ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡಿಸಿರುತ್ತಾರೆ. ಆಗ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. 'ವಾಲ್ವ್ ಇದೆಯಾ, ತೆಗೆಸಿದ್ದೀರಾ' ಅಂತ ನೇರವಾಗಿ ಕೇಳಿ. ಜನ ಇದನ್ನು ಮುಚ್ಚಿಡುವುದಿಲ್ಲ, ತೆಗೆಸಿದ್ದು ಒಳ್ಳೆಯದೇ ಅಂದುಕೊಂಡಿರುತ್ತಾರೆ.

ಎಂಜಿನ್ ಆಯಿಲ್ ಮುಚ್ಚಳದ ಒಳಭಾಗ ನೋಡಿ. ಆಯಿಲ್ ಕಪ್ಪಗಿದ್ದರೆ ಬದಲಾಯಿಸಬಹುದು. ಹಾಲು ಹಾಕಿದ ಕಾಫಿಯ ಬಣ್ಣದ ಜಿಡ್ಡು ಇದ್ದರೆ ನೀರು ಆಯಿಲಿಗೆ ಸೇರಿರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣ ಅದು. ಜೊತೆಗೆ ರೇಡಿಯೇಟರಿನಲ್ಲೂ ಎಣ್ಣೆ ತೇಲುತ್ತಿದ್ದರೆ ಮಾತು ಬೆಳೆಸಬೇಡಿ, ಎದ್ದು ಬನ್ನಿ.

ಈಗ ಸ್ಟಾರ್ಟ್ ಮಾಡಿಸಿ. ಒಬ್ಬರು ಒಳಗೆ ಕೂತರೆ ಇನ್ನೊಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಬೇಕು. ತಣ್ಣಗಿನ ಬೆಳಗ್ಗೆ ಸ್ವಲ್ಪ ಹೊತ್ತು ಬಿಳಿ ಆವಿ ಬಂದರೆ ಅದು ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಉರಿಯುತ್ತಿದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಎಳೆದು ನೋಡಿ. ಆ ತೂತಿನಿಂದ ಹೊಗೆ ಒತ್ತಿ ಒತ್ತಿ ಬಂದರೆ ಮೆಕ್ಯಾನಿಕ್‌ಗಳು 'ಬ್ಯಾಕ್ ಕಂಪ್ರೆಷನ್ ಹೊಡೀತಿದೆ' ಅಂತಾರೆ. ಪಿಸ್ಟನ್ ರಿಂಗು ಸವೆದಿದೆ, ಎಂಜಿನ್ ಕೆಲಸ ಹತ್ತಿರ ಬಂದಿದೆ ಅಂತ ಅರ್ಥ. ಹಳೇ ಚಿಕ್ಕ ಗಾಡಿಗೆ ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸುವ ಖರ್ಚು ಗಾಡಿಯ ಬೆಲೆಗೆ ಹೊಂದುವುದಿಲ್ಲ.

ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ದೀಪಗಳನ್ನು ಗಮನಿಸಿ. ಚೆಕ್ ಎಂಜಿನ್ ದೀಪ, ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಬಲ್ಬು ತೆಗೆದಿರಬಹುದು. ಏರ್‌ಬ್ಯಾಗ್ ಅಂದಾಗ ಇದನ್ನೂ ಹೇಳಬೇಕು. 2019ಕ್ಕಿಂತ ಮುಂಚಿನ ಚಿಕ್ಕ ಗಾಡಿಗಳ ಕಮ್ಮಿ ಬೆಲೆಯ ಮಾಡೆಲ್‌ಗಳಲ್ಲಿ ಏರ್‌ಬ್ಯಾಗೂ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ಸೂ ಇಲ್ಲ. ಆಮೇಲೆ ಹಾಕಿಸೋಕೂ ಬರುವುದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಲಾರಿಗಳ ಮಧ್ಯೆ ಹೆದ್ದಾರಿಯಲ್ಲಿ ದಿನಾ ಹೋಗುವವರು ಇಪ್ಪತ್ತು ಮೂವತ್ತು ಸಾವಿರ ಜಾಸ್ತಿ ಆದರೂ ಏರ್‌ಬ್ಯಾಗ್ ಇರುವ ಮಾಡೆಲನ್ನೇ ಹುಡುಕಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಬಾಡಿಯಲ್ಲಿ ನೋಡಬೇಕಾದ್ದು ಗೀರು, ತಗ್ಗು ಅಲ್ಲ. ಅವು ಇರಲಿ, ಬೆಲೆ ಇಳಿಸೋಕೆ ಅನುಕೂಲ. ಬಾನೆಟ್ ಎತ್ತಿ, ಫೆಂಡರ್ (ಮುಂದಿನ ಚಕ್ರದ ಮೇಲಿನ ಹೊರ ತಗಡು) ಕೂರಿಸಿದ ಬೋಲ್ಟ್‌ಗಳ ತಲೆ ನೋಡಿ. ಕಂಪನಿಯಿಂದ ಬಂದ ಹಾಗೇ ಇದ್ದರೆ ಬೋಲ್ಟಿನ ತಲೆಯ ಮೇಲೂ ಗಾಡಿಯ ಬಣ್ಣವೇ ಇರುತ್ತದೆ, ಅಂಚು ಸುಲಿದಿರುವುದಿಲ್ಲ. ಸ್ಪ್ಯಾನರ್ ಬಿದ್ದಿದ್ದರೆ ಮೂಲೆಯಲ್ಲಿ ಬಣ್ಣ ಕಿತ್ತಿರುತ್ತದೆ, ಬೆರಳಿಗೇ ಗೊತ್ತಾಗುತ್ತದೆ. ಅಕ್ಕನ ಮಗಳು ನೋಡಿದ ಗಾಡಿಯಲ್ಲಿ ಎಡಗಡೆಯ ಮುಂದಿನ ಫೆಂಡರಿನ ಬೋಲ್ಟು ಬಿಚ್ಚಿದ್ದರು. ಫೆಂಡರ್ ಬದಲಾಗಿದ್ದರೆ ಪರವಾಗಿಲ್ಲ, ಹೊಸದು ಹಾಕಿ ಪೇಂಟ್ ಮಾಡಿರುತ್ತಾರೆ. ಅದರ ಒಳಗಿನ ಏಪ್ರನ್, ಅಂದರೆ ಎಂಜಿನ್ ಪಕ್ಕದಲ್ಲಿ ಬಾಡಿಗೇ ಸೇರಿದ ತಗಡು, ನೋಡಬೇಕು. ಅಲ್ಲಿ ಸಾಲಾಗಿ ದುಂಡನೆಯ ವೆಲ್ಡಿಂಗ್ ಗುರುತುಗಳಿರುತ್ತವೆ. ಅವು ಒಂದೇ ಅಂತರದಲ್ಲಿ, ಒಂದೇ ಗಾತ್ರದಲ್ಲಿದ್ದರೆ ಕಂಪನಿಯವು. ಅಂಕುಡೊಂಕಾಗಿ ಗಡ್ಡೆಕಟ್ಟಿದ ವೆಲ್ಡಿಂಗ್ ಇದ್ದರೆ ದೊಡ್ಡ ಆಕ್ಸಿಡೆಂಟ್ ಆಗಿ ಟಿಂಕರಿಂಗ್ ಮಾಡಿಸಿದ್ದಾರೆ. ಏಪ್ರನ್, ಪಿಲ್ಲರ್, ಚಾಸಿ ಬೆಂಡ್ ಆದ ಗಾಡಿಗೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಟೈರ್ ಒಂದೇ ಕಡೆ ಸವೆಯುತ್ತದೆ. ನಾವು ನೋಡಿದ ಗಾಡಿಯಲ್ಲಿ ಏಪ್ರನ್ ಮುಟ್ಟಿರಲಿಲ್ಲ. ಆಟೋ ಉಜ್ಜಿದ್ದಕ್ಕೆ ಫೆಂಡರ್ ಬದಲಾಯಿಸಿದ್ದು ಅಂತ ಓನರ್ ಹೇಳಿದ ಮಾತಿಗೂ ನಾವು ಕಂಡಿದ್ದಕ್ಕೂ ತಾಳೆಯಾಯಿತು.

ತುಕ್ಕು ಎಲ್ಲಿದೆ ಅಂತ ಕಾಲಡಿಯ ಮ್ಯಾಟ್ ಎತ್ತಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆದು ನೋಡಿ. ನಮ್ಮ ಒಣ ಹವೆಯಲ್ಲಿ ಓಡಿದ ಗಾಡಿಗೆ ತುಕ್ಕು ಕಮ್ಮಿ. ಕೆಎ 19, ಕೆಎ 20 ಅಂತ ಕರಾವಳಿಯಿಂದ ಬಂದ ಹಳೇ ಗಾಡಿಯಾದರೆ ಅಡಿಯಲ್ಲೇ ಕೂತು ನೋಡಬೇಕು. ನೆರೆ ನೀರಲ್ಲಿ ನಿಂತಿದ್ದ ಗಾಡಿಯನ್ನು ಕಂಡುಹಿಡಿಯೋಕೆ ಸುಲಭ ದಾರಿ ಸೀಟ್ ಬೆಲ್ಟ್. ಅದನ್ನು ಪೂರ್ತಿ ಹೊರಗೆಳೆಯಿರಿ. ಸೀಟು, ಮ್ಯಾಟು ಎಲ್ಲ ತೊಳೆಸುತ್ತಾರೆ, ಸುತ್ತಿಕೊಂಡಿರುವ ಬೆಲ್ಟಿನ ಒಳತುದಿಯನ್ನು ತೊಳೆಯುವುದಿಲ್ಲ. ಅಲ್ಲಿ ಕೆಸರಿನ ಗೆರೆ ಇದ್ದರೆ ಬೇಡ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವಲಯದಲ್ಲಿ ಎಷ್ಟು ಕಾರು ಮುಳುಗಿದವು ಅಂತ ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ನೀರು ಕುಡಿದ ವೈರಿಂಗಿನ ತೊಂದರೆಗೆ ಕೊನೆ ಇರುವುದಿಲ್ಲ.

ಮೀಟರಿನ ಕಿಲೋಮೀಟರ್ ನಂಬಬೇಡಿ, ತಿರುಗಿಸುವುದು ಸುಲಭ. ನಲವತ್ತು ಸಾವಿರ ಓಡಿದೆ ಅನ್ನುವ ಗಾಡಿಯ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ, ಸ್ಟೀರಿಂಗ್ ಮಿರಿಮಿರಿ ಹೊಳೆಯುತ್ತಿದ್ದರೆ ಲೆಕ್ಕ ಸರಿ ಇಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದ್ದು. ಮೇಲಿನ ಗುಂಡಿ, ಅಂದರೆ ಟ್ರೆಡ್, ಚೆನ್ನಾಗಿದ್ದರೂ ಆರೇಳು ವರ್ಷ ದಾಟಿದ ಟೈರನ್ನು ಬದಲಾಯಿಸುವ ಲೆಕ್ಕದಲ್ಲೇ ಇಡಿ.

ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿ

ಬಿಎಚ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದರೆ ಏನೂ ಗೊತ್ತಾಗುವುದಿಲ್ಲ. ತುಮಕೂರಿನವರಿಗೆ ದೇವರಾಯನದುರ್ಗದ ಏರು ಹತ್ತಿರದಲ್ಲೇ ಇದೆ, ಅಲ್ಲಿಗೇ ಹೋಗಿ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಅಂತರಗಂಗೆ ಕಡೆ, ನಂದಿ ಬೆಟ್ಟದ ಕಡೆ ಇದೇ ಥರದ ಏರು ಸಿಗುತ್ತದೆ. ಪೆಟ್ರೋಲ್ ದುಡ್ಡು ನೀವೇ ಕೊಡಿ, ಆಗ ಓನರ್ ಬೇಡ ಅನ್ನುವುದಿಲ್ಲ. ನಾಲ್ಕು ಜನ ಕೂತು, ಎಸಿ ಹಾಕಿ ಹತ್ತಿಸಿ.

ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರುತ್ತಾ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಸುಟ್ಟ ವಾಸನೆಯೂ ಬರುತ್ತದೆ. ಅಕ್ಕನ ಮಗಳ ಗಾಡಿಯಲ್ಲಿ ಇದು ಮೊದಲ ತಿರುವಿನಲ್ಲೇ ಗೊತ್ತಾಯಿತು. ತಗ್ಗು ದಿಬ್ಬದಲ್ಲಿ ಮುಂದಿನಿಂದ ಕಟ ಕಟ ಸದ್ದು ಬಂದರೆ ಲೋವರ್ ಆರ್ಮ್, ಲಿಂಕ್ ರಾಡ್, ಬುಷ್, ಅಂದರೆ ಮುಂದಿನ ಸಸ್ಪೆನ್ಷನ್ ಕೆಲಸ. ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಟಕ್ ಟಕ್ ಅಂದರೆ ಆಕ್ಸಲ್ ಜಾಯಿಂಟ್. ಮೇಲೆ ಹೋಗಿ ನಿಲ್ಲಿಸಿ, ಎಸಿ ಆಫ್ ಮಾಡಿ, ಎಂಜಿನ್ ಆಫ್ ಮಾಡಬೇಡಿ. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ನಿಲ್ಲುವುದನ್ನು ಕಾದು ಕೇಳಿಸಿಕೊಳ್ಳಿ. ಎಷ್ಟೋ ಚಿಕ್ಕ ಗಾಡಿಗಳಲ್ಲಿ ಬಿಸಿ ತೋರಿಸುವ ಮುಳ್ಳು ಇರುವುದಿಲ್ಲ, ಬರೀ ಕೆಂಪು ದೀಪ. ಅದು ಹತ್ತುವ ಹೊತ್ತಿಗೆ ಹಾನಿ ಆಗಿರುತ್ತದೆ. ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಸಿ, ಗೇರ್ ತಾನಾಗಿ ಹಾರಿ ಬರುತ್ತದಾ ನೋಡಿ. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯಬಾರದು.

ಲೆಕ್ಕ

ಇಷ್ಟಾದ ಮೇಲೆ ಮೆಕ್ಯಾನಿಕ್ ಜೊತೆ ಕೂತು ಚೀಟಿ ಬರೆದೆವು. ಪಾರ್ಟ್ಸು, ಕೂಲಿ ಸೇರಿಸಿ ಕ್ಲಚ್‌ಗೆ 7,500. ಮುಂದಿನ ಸಸ್ಪೆನ್ಷನ್ ಕೆಲಸ 9,000. ನಾಲ್ಕು ಟೈರು 14,000. ಬ್ಯಾಟರಿ 4,000. ಎಸಿ ಗ್ಯಾಸ್ ನಿಲ್ಲುತ್ತಿರಲಿಲ್ಲ, ಅದಕ್ಕೆ 6,000. ಆರ್‌ಸಿ ಅವಧಿ ಮುಗಿಯೋಕೆ ವರ್ಷವೂ ಉಳಿದಿರಲಿಲ್ಲ, ನವೀಕರಣದ ಎಲ್ಲ ಖರ್ಚಿಗೆ 10,000. ಒಟ್ಟು 50,500. ಇದರ ಮೇಲೆ ಕಾಲು ಭಾಗ, ಅಂದರೆ ಹನ್ನೆರಡೂವರೆ ಸಾವಿರದಷ್ಟು, ಕಣ್ಣಿಗೆ ಬೀಳದ ಕೆಲಸಕ್ಕೆ ಅಂತ ಸೇರಿಸಿದೆ. ಹಳೇ ಗಾಡಿ ಬಿಚ್ಚಿದ ಮೇಲೆ ಇನ್ನೇನೋ ಒಂದು ಕಾಣುವುದು ಖಂಡಿತ, ಆ ಕಾಲು ಭಾಗವನ್ನು ಬಿಡಬೇಡಿ. 63,000 ಆಯಿತು.

ಈಗ ಹಿಂದಿನಿಂದ ಲೆಕ್ಕ ಹಾಕಬೇಕು. ಅದೇ ವರ್ಷದ ವ್ಯಾಗನ್ ಆರ್, ಕೆಲಸ ಎಲ್ಲ ಮಾಡಿಸಿ ಓಡುವ ಸ್ಥಿತಿಯಲ್ಲಿರುವುದು, ನಮ್ಮ ಊರಲ್ಲಿ ಆಗ 1,85,000ಕ್ಕೆ ಸಿಗುತ್ತಿತ್ತು. ಅದರಲ್ಲಿ 63,000 ಕಳೆದರೆ 1,22,000. ನಾವು ಕೊಡಬಹುದಾದ್ದು ಅಷ್ಟೇ. ಓನರ್ ಹೇಳಿದ ಬೆಲೆಯಿಂದ ಇಳಿಸುತ್ತಾ ಹೋಗಬೇಡಿ. ಹಾಗೆ ಮಾಡಿದರೆ ಐದು ಸಾವಿರ ಬಿಟ್ಟರೂ ಗೆದ್ದೆವು ಅನ್ನಿಸುತ್ತದೆ. ನಿಮ್ಮ ಬೆಲೆ ನಿಮ್ಮ ಚೀಟಿಯಿಂದ ಬರಬೇಕು. ಚೀಟಿಯನ್ನು ಅವರ ಮುಂದೆಯೇ ಇಟ್ಟು ಒಂದೊಂದಾಗಿ ಓದಿದೆವು. ಗಾಡಿಯನ್ನು ಹೀಗಳೆಯಲಿಲ್ಲ. ಅದು ಅವರು ಪ್ರೀತಿಯಿಂದ ಇಟ್ಟುಕೊಂಡ ಗಾಡಿ, ಬೈದರೆ ಮನಸ್ಸು ಮುರಿಯುತ್ತದೆ, ಮಾತೂ ಮುರಿಯುತ್ತದೆ. ಕೊನೆಗೆ 1,25,000ಕ್ಕೆ ಒಪ್ಪಿಗೆಯಾಯಿತು. ಎಂಜಿನ್ ಚೆನ್ನಾಗಿತ್ತು, ಬಾಡಿ ಗಟ್ಟಿ ಇತ್ತು, ಪೇಪರ್ ಶುದ್ಧ ಇತ್ತು. ಇದ್ದ ತೊಂದರೆ ಎಲ್ಲ ಪಾರ್ಟ್ಸಿಂದ ಸರಿ ಹೋಗುವಂಥದ್ದು. ಮೂರು ಸಾವಿರ ಜಾಸ್ತಿ ಆದರೂ ತಗೋ ಅಂದೆ.

ಇದೇ ಗಾಡಿಯನ್ನು ಇನ್ನೊಬ್ಬರಿಗೆ ನಾನು ಬೇಡ ಅನ್ನುತ್ತಿದ್ದೆ. ಅಕ್ಕನ ಮಗಳ ಮನೆಯಲ್ಲಿ ಸ್ಕೂಟರ್ ಇದೆ, ಗಾಡಿ ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೂ ಕೆಲಸ ನಿಲ್ಲುವುದಿಲ್ಲ. ರಿಪೇರಿ ದುಡ್ಡು ಕೈಯಲ್ಲಿತ್ತು. ವಯಸ್ಸಾದವರನ್ನು ರಾತ್ರಿ ಹೊತ್ತು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಗೆ, ಅಥವಾ ಇದ್ದ ದುಡ್ಡನ್ನೆಲ್ಲ ಗಾಡಿಗೇ ಸುರಿದು ರಿಪೇರಿಗೆ ಸಾಲ ಮಾಡುವವರಿಗೆ, ಇಂಥ ಗಾಡಿ ಬೇಡ. ಅವರು ಇನ್ನಾರು ತಿಂಗಳು ಕಾದು ಕೆಲಸ ಇಲ್ಲದ ಗಾಡಿಯನ್ನೇ ತಗೊಳ್ಳಲಿ.

ದುಡ್ಡು ಕೊಡುವಾಗ, ತಗೊಂಡ ಮೇಲೆ

ಅಡ್ವಾನ್ಸ್ ಎಷ್ಟೇ ಇರಲಿ ಬ್ಯಾಂಕಿನಿಂದಲೇ ಹಾಕಿ. ಹೆಸರು ಬದಲಾಯಿಸೋಕೆ ಬೇಕಾದ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿ ತಗೊಂಡು ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ನಮ್ಮ ಕಡೆ ಇದು ತುಂಬಾ ನಡೆಯುತ್ತದೆ, 'ಆಮೇಲೆ ಮಾಡಿಸೋಣ' ಅಂತ ವರ್ಷಗಟ್ಟಲೆ ಹಳೇ ಹೆಸರಲ್ಲೇ ಓಡಿಸುತ್ತಾರೆ. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ತಗೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು ಅಂತ ಕಾನೂನಿದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಪಘಾತವಾದರೆ ಪರಿಹಾರದ ಹೊಣೆ ಅವರ ಮೇಲೆ ಬರುತ್ತದೆ. ಇದನ್ನು ಮಾರುವವರಿಗೇ ಹೇಳಿ, ಅವರೇ ಮುಂದೆ ನಿಂತು ಟ್ರಾನ್ಸ್‌ಫರ್ ಮಾಡಿಸಿಕೊಡುತ್ತಾರೆ. ಗಾಡಿ ಕೈಗೆ ಬಂದ ತಾರೀಖು ಮಾತ್ರ ಅಲ್ಲ, ಗಂಟೆಯನ್ನೂ ಬರೆಸಿ ಇಬ್ಬರೂ ಸಹಿ ಹಾಕಿ. ಅದಕ್ಕೆ ಮುಂಚಿನ ದಂಡ ಅವರದ್ದು, ಆಮೇಲಿನದ್ದು ನಿಮ್ಮದು.

ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ಬರುತ್ತದೆ, ನಿಮ್ಮ ಗಾಡಿಗೆ ಆದ ಹಾನಿಯ ಭಾಗ ಹಾಗೆ ತಾನಾಗಿ ಬರುವುದಿಲ್ಲ. ಕ್ಲೈಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಹಳೇ ಓನರ್‌ಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್ಸೂ ನಿಮಗೆ ಸಿಗುವುದಿಲ್ಲ. ಅದು ಅವರ ಹೆಸರಿಗೆ ಇರುವುದು, ಗಾಡಿಗಲ್ಲ.

ಗಾಡಿ ಮನೆಗೆ ಬಂದ ಮೊದಲ ವಾರ ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ಮು ಬೇಡ. ಮೊದಲು ಬ್ರೇಕ್ ಬಿಚ್ಚಿಸಿ ನೋಡಿಸಿ, ಬ್ರೇಕ್ ಆಯಿಲ್ ಬದಲಾಯಿಸಿ. ಎಂಜಿನ್ ಆಯಿಲ್, ಫಿಲ್ಟರ್, ಗೇರ್ ಆಯಿಲ್, ಕೂಲಂಟ್ ಎಲ್ಲ ಹೊಸದು ಹಾಕಿಸಿ. ಕೂಲಂಟಿಗೆ ಬೆರೆಸೋಕೆ ಡಿಸ್ಟಿಲ್ಡ್ ವಾಟರ್ ತಗೊಳ್ಳಿ, ಬೋರ್ ನೀರು ಬೇಡ. ಪೆಟ್ರೋಲ್ ಪೈಪಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಈಗ ಬರುವ ಪೆಟ್ರೋಲಿನಲ್ಲಿ ಎಥೆನಾಲ್ ಜಾಸ್ತಿ, ಹಳೇ ರಬ್ಬರಿಗೆ ಅದು ಆಗುವುದಿಲ್ಲ. ಹಳೇ ಆಲ್ಟೊ 800 ಎಂಜಿನ್, ಹಳೇ ಸ್ಯಾಂಟ್ರೊಗಳಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ನಡೆಸುವ ರಬ್ಬರ್ ಬೆಲ್ಟ್) ಇರುತ್ತದೆ. ಯಾವಾಗ ಬದಲಾಯಿಸಿದ್ದು ಅಂತ ಬಿಲ್ ತೋರಿಸದಿದ್ದರೆ ಬದಲಾಗಿಲ್ಲ ಅಂತಲೇ ತಿಳಿದು ಹೊಸದು ಹಾಕಿಸಿ, ಟೆನ್ಷನರ್ ಸಮೇತ. ಅಕ್ಕನ ಮಗಳ ವ್ಯಾಗನ್ ಆರ್‌ನಲ್ಲಿರುವ ಮಾರುತಿಯ ಕೆ ಸೀರೀಸ್ ಎಂಜಿನ್ನಿಗೆ ಬೆಲ್ಟಿನ ಬದಲು ಚೈನ್ ಇರುವುದರಿಂದ ಅವಳಿಗೆ ಆ ಖರ್ಚು ಬರಲಿಲ್ಲ. ಬದಲಾಯಿಸಿದ ಹಳೇ ಪಾರ್ಟ್ಸನ್ನು ಮೆಕ್ಯಾನಿಕ್ ಹತ್ತಿರ ಕೇಳಿ ತಗೊಳ್ಳಿ, ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಹಾಕಿಡಿ. ಮುಂದೆ ನೀವು ಇದೇ ಗಾಡಿ ಮಾರುವಾಗ, ನೋಡೋಕೆ ಬಂದವರು ಮೊದಲು ಕೇಳುವುದು ಆ ಫೈಲನ್ನೇ.